ಒಂದೇ ಉಸಿರಿನ ಒಡಪು

ಇವರು ಸಿಗರೇಟು ಬಿಟ್ಟ ಸುದ್ದಿ ನಮ್ಮ ಸೊಸೈಟಿಗೆ ಗೊತ್ತಾದದ್ದು ಲಿಫ್ಟಿನಿಂದ. ಮೊದಲೆಲ್ಲ ಇವರು ಇಳಿದು ಹೋಗಿ ಎಷ್ಟೋ ಹೊತ್ತಾದರೂ ಇವರ ವಾಸನೆ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತಿತ್ತು. ಅದು ಇಲ್ಲದ್ದನ್ನು ಗುರುತಿಸಿದವರು ಕೆಳಗಿನ ಮನೆಯ ಕೃಷ್ಣಾಬಾಯಿ ಕಾಕು. ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿ ಬಂದವರು, ಮರಾಠಿ ಮಂದಿಯೇ ತುಂಬಿದ ನಮ್ಮ ಕೋಥರೂಡಿನ ಕಟ್ಟಡದಲ್ಲಿ ನಮ್ಮನ್ನು ಬಿಟ್ಟರೆ ಕನ್ನಡ ಮಾತಾಡುವವರು ಅವರೊಬ್ಬರೇ.

"ನಿಮ್ಮವ್ರು ಊರಿಗೆ ಹೋಗ್ಯಾರೇನು?" ಎಂದು ಬಾಗಿಲಲ್ಲೇ ನಿಂತು ಕೇಳಿದರು.

"ಇಲ್ರಿ ಕಾಕು. ಬಿಟ್ಟಾರ."

"ಬಿಟ್ಟಾರ? ಏನ್ ಬಿಟ್ಟಾರ, ಮನಿ?"

ಸಿಗರೇಟು ಎಂದು ತಿಳಿದ ಮೇಲೆ ಕಾಕುವಿನ ಮುಖದಲ್ಲಿ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಆದರೂ ಸಂಜೆಗೆ ಒಂದು ಚೀಲ ಆಡುಸೋಗೆ ಸೊಪ್ಪು ಕಳಿಸಿದರು. ಕೆಮ್ಮಿಗೆ ಅದರಂಥ ಸೊಪ್ಪಿಲ್ಲವಂತೆ. ಅಲ್ಲಿಂದ ಶುರುವಾಯಿತು.

ಇವರ ಚಳಿಗಾಲದ ಕೆಮ್ಮು ಯುಗಾದಿ ಬಂದರೂ ಹೋಗಿರಲಿಲ್ಲ. ಡಾಕ್ಟರ್ ಹರ್ಷಾ ಬೆಳಗಾವಿಯ ಹೆಣ್ಣುಮಗಳು, ಇವರನ್ನು ಎದುರಿಗೆ ಕೂರಿಸಿಕೊಂಡು ಕನ್ನಡದಲ್ಲಿಯೇ ಬೈದಿದ್ದರು. ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬೈಸಿಕೊಂಡು ರೂಢಿಯಿದ್ದ ಇವರಿಗೆ ಕನ್ನಡದ್ದು ತಾಗಿತು. ಬೇವುಬೆಲ್ಲ ತಿಂದ ದಿನವೇ ಬಿಟ್ಟರು. ನಮ್ಮ ಅತ್ತೆ ರಂಗೂಬಾಯಿಯವರಿಗೆ ಮಾತ್ರ ಬಿಟ್ಟರೆ ಸಾಕು ಎಂಬುದು ಒಪ್ಪಿಗೆಯಾಗಲಿಲ್ಲ.

"ಇಷ್ಟು ವರ್ಷದ ಹೊಗಿ ಒಳಗ ಕೂತದ," ಎಂದರು. "ಒಲಿ ಹಿಂದಿನ ಗ್ವಾಡಿ ಹೆಂಗಿರ್ತದ, ಹಂಗಾಗಿರ್ತದ. ತೊಳೀಬೇಕು."

"ಹಂಗಾದ್ರ ಸುಣ್ಣಾ ಹಚ್ಚಿಬಿಡು ಅವ್ವಾ," ಎಂದರು ಇವರು.

"ಹಚ್ಚತಿದ್ದೆ ತಮ್ಮಾ. ಕೈ ಹೋಗೂದಿಲ್ಲಲಾ."

ಕೈ ಹೋಗದ ಕಡೆಗೆ ಕಷಾಯ ಹೋಗತೊಡಗಿತು. ಬೆಳಿಗ್ಗೆ ಆಡುಸೋಗೆ, ಹಸಿಶುಂಠಿ, ಜೇಷ್ಠಮಧು, ಕರಿಮೆಣಸು ಕುದಿಸಿ ಬೆಲ್ಲ ಹಾಕಿದ್ದು. ಮಧ್ಯಾಹ್ನ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವುದು. ಅದನ್ನು ಇವರು ಎಷ್ಟು ಗಟ್ಟಿಯಾಗಿ ಮಾಡುತ್ತಿದ್ದರೆಂದರೆ ಪಕ್ಕದ ಮನೆಯ ನಾಯಿ ಉತ್ತರ ಕೊಡುತ್ತಿತ್ತು. ಸಂಜೆ ಅಜವಾನದ ಹಬೆ, ತಲೆಯ ಮೇಲೆ ನನ್ನ ಹಳೆಯ ಸೀರೆ ಹೊದ್ದು. ಮಲಗುವಾಗ ಅರಿಶಿಣ ಹಾಲು. ಬಾರಾಮತಿಯ ಸಕ್ಕರೆ ಕಾರ್ಖಾನೆಗಳಿಗೆ ಪಂಪಿನ ಬಿಡಿಭಾಗ ಮಾರುವುದು ಇವರ ಕೆಲಸ. ಕಾರ್ಖಾನೆಯ ದೊಡ್ಡ ದೊಡ್ಡ ಯಂತ್ರಗಳ ಹೊಟ್ಟೆಯನ್ನು ತೊಳೆಸಿದ ಮನುಷ್ಯ ತನ್ನದನ್ನು ತೊಳೆಸಿಕೊಳ್ಳುವಾಗ ಮಗುವಾಗಿಬಿಟ್ಟಿದ್ದರು.

ಅರ್ಧ ಲೋಟ ಕುಡಿದು ಮುಖ ಕಿವುಚಿ ಉಳಿದದ್ದನ್ನು ನನ್ನ ಕಡೆ ಸರಿಸುತ್ತಿದ್ದರು. "ನೀಲಾ, ಸಾಕಾತು."

ನಮ್ಮ ಮನೆಯಲ್ಲಿ ಬೆಲ್ಲ ಬಿದ್ದದ್ದನ್ನು ಮೋರಿಗೆ ಚೆಲ್ಲುವಂತಿಲ್ಲ. ಅತ್ತೆಯವರ ಕಿವಿ ಮಂದ, ಆದರೆ ಬೆಲ್ಲದ ನೀರು ಮೋರಿಗೆ ಬಿದ್ದ ಸದ್ದು ಅವರಿಗೆ ಕೇಳುತ್ತದೆ. ಆದ್ದರಿಂದ ಉಳಿದ ಅರ್ಧವನ್ನು ನಾನೇ ಕುಡಿಯುತ್ತಿದ್ದೆ. ಮದುವೆಯಾದ ಮೇಲೆ ಇವರು ಬಿಟ್ಟದ್ದನ್ನು ಎಷ್ಟು ತಿಂದಿದ್ದೇನೋ ಲೆಕ್ಕವಿಲ್ಲ. ಕಷಾಯ ಅದಕ್ಕೆ ಹೊಸದಾಗಿ ಸೇರಿಕೊಂಡಿತು, ಅಷ್ಟೇ.

ಇಷ್ಟರಲ್ಲಿ ನನಗೊಂದು ಬೇರೆಯೇ ಚಿಂತೆ ಇತ್ತು. ನಮ್ಮ ಮಗಳು ಪೂರ್ವಾಳ ಮದುವೆಯಾದ ಮೇಲೆ ಬರುವ ಮೊದಲನೇ ಶ್ರಾವಣ ಅದು. ಆ ತಿಂಗಳ ಒಂದು ಮಂಗಳವಾರ ಅವಳ ಅತ್ತೆಯ ಮನೆಯವರು ಬಾಡಿಗೆಗೆ ಹಾಲ್ ಹಿಡಿದು ಮಂಗಳಗೌರಿ ಪೂಜೆ ಮಾಡುವವರಿದ್ದರು. ಅವರು ಮರಾಠಿ ಮಂದಿ. ಪೂಜೆ ಮುಗಿದ ಮೇಲೆ ಹೆಣ್ಣುಮಕ್ಕಳೆಲ್ಲ ಉಖಾಣಾ ಹೇಳುತ್ತಾರೆ. ಅದು ನಮ್ಮ ಒಡಪೇ. ಹೆಂಡತಿ ಗಂಡನ ಹೆಸರನ್ನು ಪದ್ಯದಲ್ಲಿ ಕಟ್ಟಿ ಹೇಳುವುದು. ಈಗಿನ ಹುಡುಗಿಯರಿಗೆ ಅದು ಆಟ. ಪೂರ್ವಾ ತನ್ನ ಗಂಡ ಅವಧೂತನನ್ನು "ಅವಧ್ಯಾ" ಎಂದು ಪಾರ್ಕಿಂಗಿಗೆ ಕೇಳುವಂತೆ ಕೂಗುತ್ತಾಳೆ. ನಾನು ಒಡಪಿನ ಹೊರಗೆ ಇವರ ಹೆಸರನ್ನು ಹೇಳಿದವಳಲ್ಲ. ಇಲ್ಲಿಯೂ ಹೇಳುವುದಿಲ್ಲ, ಒಡಪಿನಲ್ಲಿ ಬಂದಾಗ ಬರಲಿ.

ಅತ್ತೆಯವರ ನರಗುಂದದ ಮನೆತನಕ್ಕೆ ಒಂದು ಉದ್ದನೆಯ ಒಡಪಿದೆ. ಅದನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ನಡುವೆ ಉಸಿರು ಕಡಿದರೆ ಅಲ್ಲಿಗೆ ಮುಗಿಯಿತು, ಹೆಸರು ಮುಟ್ಟದ ಗಂಡನಿಗೆ ಅವತ್ತು ಕಡೇ ಪಂಕ್ತಿಯಲ್ಲಿ ಊಟ. ನಾನು ಮದುವಣಗಿತ್ತಿಯಾಗಿ ಹೊಸ್ತಿಲಲ್ಲಿ ನಿಂತು ಅದನ್ನು ಸರಾಗವಾಗಿ ಹೇಳಿ, ಕೊನೆಗೆ ಇವರ ಹೆಸರನ್ನು ಎಳೆದು ಹೇಳುವಷ್ಟು ಉಸಿರು ಉಳಿಸಿಕೊಂಡಿದ್ದೆ. ಆ ಕತೆಯನ್ನು ಅತ್ತೆಯವರು ಬೀಗತಿಯ ಮುಂದೆ ಹೇಳಿಬಿಟ್ಟಿದ್ದರು. ಅದೂ ಮರಾಠಿಯಲ್ಲಿ, ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚಾಗಿ. "ನಮ್ಮ ಸೊಸಿ ಶ್ರಾವಣದಾಗ ಹೇಳ್ತಾಳ, ನೋಡೀರಂತ" ಎಂದು ಮಾತೂ ಕೊಟ್ಟು ಬಂದಿದ್ದರು.

ಒಂದು ಬೆಳಿಗ್ಗೆ ಕಷಾಯ ಕುದಿಯುವಾಗ ಸುಮ್ಮನೆ ಹೇಳಿ ನೋಡಿದೆ.

"ಅಂಗಳಕ್ಕ ರಂಗೋಲಿ, ರಂಗೋಲಿಗೆ ಕುಂಕುಮ,
ಕುಂಕುಮಕ್ಕ ಕರಡಿಗಿ, ಕರಡಿಗಿಗೆ ಕನ್ನಡಿ,
ಕನ್ನಡ್ಯಾಗ ಕಾಣತದ ಹಿತ್ತಲ ಬಾಳಿ, ಬಾಳಿಗೆ ಗೊನಿ ಭಾರ…"

ಅಷ್ಟಕ್ಕೇ ಉಸಿರು ಮುಗಿಯಿತು. ಎದೆಯೊಳಗೆ ಯಾರೋ ಸಣ್ಣಗೆ ಸೀಟಿ ಊದಿದಂತಾಯಿತು. ಮತ್ತೆ ಹೇಳಿದೆ, ಮತ್ತೆ ಬಾಳೆಗೊನೆಯ ಹತ್ತಿರವೇ ನಿಂತೆ. ಆ ಒಡಪಿನಲ್ಲಿ ಗಂಡನ ಹೆಸರು ಇನ್ನೂ ನಾಲ್ಕು ಸಾಲು ಆಚೆ, ಅವನು ಆಗಿನ್ನೂ ಗೊನೆ ಹೊತ್ತುಕೊಂಡು ಬರುತ್ತಿರುತ್ತಾನೆ.

ಬಾಗಿಲಿಗೆ ಆತು ನಿಂತಿದ್ದ ಅತ್ತೆಯವರು ನೋಡುತ್ತಿದ್ದರು. "ಗಂಡನ ಹೆಸರ ಹೇಳೂದರಾಗ ಉಸಿರ ಹೋತೇನು? ಬಾಳಿಹಣ್ಣಿನ ಹೆಸರಿಗೆ ಚಲೋ ಇತ್ತಲ್ಲ."

"ವಯಸ್ಸಾತ್ರಿ ಅತ್ತಿಯವರ."

"ನಿನಗ ವಯಸ್ಸಾದ್ರ ನನಗೇನಾತು?" ಎಂದು ಅವರು ಅಲ್ಲೇ ನಿಂತು ಒಡಪನ್ನು ತೀರಿಹೋದ ಮಾವನವರ ಹೆಸರಿನ ತನಕ ಹೇಳಿ ಮುಗಿಸಿದರು. ಕೊನೆಗೆ ಮಾತ್ರ ಗೋಡೆ ಹಿಡಿದುಕೊಂಡರು.

ನಾನು ನಕ್ಕೆ. ಆದರೆ ಒಳಗೆ ನಗು ಬರಲಿಲ್ಲ. ಬಹಳ ದಿನದಿಂದ ಮೆಟ್ಟಿಲು ಬಿಟ್ಟು ಲಿಫ್ಟು ಹಿಡಿದಿದ್ದೆ. ಬಸ್ಸಿಗೆ ಓಡುವುದನ್ನು ಬಿಟ್ಟು ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಒಂದೊಂದನ್ನೇ ಬಿಡುತ್ತ ಬಂದದ್ದಕ್ಕೆ ವಯಸ್ಸು ಎಂದು ಹೆಸರಿಟ್ಟುಕೊಂಡಿದ್ದೆ. ಗಂಡನ ಹೆಸರನ್ನೂ ಬಿಡುವ ಹೊತ್ತು ಬಂದಾಗ ಮಾತ್ರ ಏನೋ ತಪ್ಪಿದೆ ಅನಿಸಿತು.

ಆ ವಾರವೇ ಡಾಕ್ಟರ್ ಹರ್ಷಾ ಇವರನ್ನು ಮತ್ತೆ ಬರಹೇಳಿದ್ದರು. ಅತ್ತೆಯವರೂ ಹೊರಟರು, ತಮ್ಮ ಕಷಾಯಕ್ಕೆ ಎಷ್ಟು ಮಾರ್ಕ್ಸ್ ಬೀಳುತ್ತದೆ ಎಂದು ನೋಡಬೇಕಿತ್ತು ಅವರಿಗೆ. ಡಾಕ್ಟರ ಬಳಿ ಒಂದು ಊದುವ ನಳಿಗೆ ಇತ್ತು, ಮೇಲೆ ಗೆರೆಗಳು, ಒಂದು ಸಣ್ಣ ಕೆಂಪು ಮುಳ್ಳು. ಜೋರಾಗಿ ಊದಿದಷ್ಟು ಮುಳ್ಳು ಮುಂದೆ ಹೋಗುತ್ತದೆ. ಇವರು ತುಟಿ ಸರಿಯಾಗಿ ಮುಚ್ಚದೆ ಊದಿ, ಗಾಳಿಯೆಲ್ಲ ಪಕ್ಕದಿಂದ ಹೋಗಿ ಎಂಥದೋ ಸದ್ದಾಯಿತು.

"ಲಗ್ನದಾಗ ಶಹನಾಯಿ ಊದಿದ್ಹಂಗ ಮಾಡಬ್ಯಾಡ್ರಿ," ಎಂದು ಡಾಕ್ಟರು ನಳಿಗೆಯ ಬಾಯಿ ಬದಲಿಸಿ ನನ್ನ ಕೈಗೆ ಕೊಟ್ಟರು. "ವಹಿನಿ, ನೀವು ಒಮ್ಮೆ ತೋರಸ್ರಿ ಇವರಿಗೆ."

ಊದಿದೆ. ಮುಳ್ಳು ಸ್ವಲ್ಪ ಸರಿದು ನಿಂತಿತು. ಡಾಕ್ಟರು ಇನ್ನೊಮ್ಮೆ ಎಂದರು. ಇನ್ನೊಮ್ಮೆ ಊದಿದೆ. ಅವರು ಮುಳ್ಳನ್ನು ನೋಡಿ, ನನ್ನನ್ನು ನೋಡಿ, ಸಹಜವಾಗಿ ಕೇಳಿದರು.

"ನೀವು ಯಾವಾಗ ಬಿಟ್ಟ್ರಿ ವಹಿನಿ?"

"ಏನ್ರಿ?"

"ಸಿಗರೇಟ್."

ಅತ್ತೆಯವರು ಕುರ್ಚಿಯಿಂದ ಅರ್ಧ ಎದ್ದರು. "ನಮ್ಮ ನೀಲಾ? ಅಯ್ಯ, ಆಕಿ ಊದುಬತ್ತಿ ಹಚ್ಚಿದ್ರ ದೂರ ನಿಂದರ್ತಾಳ್ರಿ."

ಡಾಕ್ಟರು ನಗಲಿಲ್ಲ. ಇವರು ಎಲ್ಲಿ ಕೂತು ಸೇದುತ್ತಿದ್ದರು ಎಂದು ಕೇಳಿದರು. ಹೊರಗಿನ ಗ್ಯಾಲರಿಯಲ್ಲಿ, ಎಂದರು ಇವರು. ಮಳೆ ಬಂದರೆ? ಒಳಗಿನ ಹಾಲ್‌ನಲ್ಲಿ. ಚಳಿಯಾದರೆ? ಇವರು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. ಮಲಗುವ ಕೋಣೆಯ ಉತ್ತರವನ್ನು ನಾನೂ ಕೊಡಲಿಲ್ಲ.

"ಮನ್ಯಾಗ ಒಬ್ಬರು ಸೇದಿದ್ರ ಇನ್ನೊಬ್ರ ಎದಿನೂ ಸೇದ್ತದ," ಎಂದರು ಡಾಕ್ಟರು. ನನಗೆ ದೊಡ್ಡ ಪರೀಕ್ಷೆ ಬರೆದರು. ಅದು ಅಲ್ಲೇ ಆದ ಮೇಲೆ, ದಿನಾ ಬಾಯಿಂದ ಔಷಧ ಎಳೆದುಕೊಳ್ಳಲು ಒಂದು ಇನ್‌ಹೇಲರ್ ಪಂಪು ಕೊಟ್ಟರು, ಬೆಳಿಗ್ಗೆ ನಡೆಯಿರಿ ಎಂದರು. ಕಷಾಯದ ಬಗ್ಗೆ ಅತ್ತೆಯವರು ಕೇಳಿಯೇ ಕೇಳಿದರು.

"ಕುಡೀಲಿ ಅಜ್ಜಿ. ಗಂಟಲಿಗೆ ಹಿತಾ ಅನಸ್ತದ, ಕಫಾ ಸಡಲ್ತದ. ಆದ್ರ ಜೇಷ್ಠಮಧು ದಿನಾ ಬ್ಯಾಡ, ನಿಮ್ಮ ಮಗಗ ಬಿಪಿ ಅದ. ಹಬಿ ತೊಗೋಳೂಮುಂದ ಸುಟ್ಟಗೋಬ್ಯಾಡ್ರಿ. ಮತ್ತ ಒಳಗ ತೊಳಿಯೋದು ಕಷಾಯ ಅಲ್ರಿ, ಸೇದದ ಇರೋದು. ಎದಿ ತನ್ನನ್ನ ತಾನು ಸುಧಾರಸ್ಕೋತದ. ನಾವು ಅಡ್ಡ ಬರಬಾರದು ಅಷ್ಟ."

ಅತ್ತೆಯವರಿಗೆ ಈ ಮಾತು ಸೇರಲಿಲ್ಲ. "ಅರ್ಧಾ ಒಪ್ಪಿದ್ಲು ಹುಡುಗಿ," ಎಂದು ರಿಕ್ಷಾದಲ್ಲಿ ತಮಗೆ ತಾವೇ ಹೇಳಿಕೊಂಡರು. ಮನೆಯ ಮೆಟ್ಟಿಲ ಹತ್ತಿರ ಇವರು ಲಿಫ್ಟಿನ ಗುಂಡಿ ಒತ್ತಿ, ನನ್ನ ಕಡೆ ನೋಡದೆ, "ನೀ ಎಂದೂ ಹೇಳಲಿಲ್ಲಲಾ" ಎಂದರು.

"ಹೇಳಿದ್ದೆ. ನೀವು ಕಿಟಕಿ ತಗಿ ಅಂದಿದ್ರಿ."

ಮರುದಿನದಿಂದ ಮನೆಯಲ್ಲಿ ಕಷಾಯ ಎರಡು ಲೋಟ. ಒಂದು ಲೋಟವನ್ನು ಇವರೇ ತಂದು ನನ್ನ ಮುಂದಿಟ್ಟು, ನಾನು ಕುಡಿಯುವ ತನಕ ಅಲ್ಲೇ ನಿಲ್ಲುತ್ತಿದ್ದರು. ನನಗೆ ಬಂದ ನಗುವನ್ನು ಲೋಟದೊಳಗೇ ನಕ್ಕೆ. ಇಷ್ಟು ದಿನ ಕದ್ದು ಕುಡಿದಂತೆ ಕುಡಿದದ್ದನ್ನು ಈಗ ಮರ್ಯಾದೆಯಿಂದ ಕುಡಿಯುವುದಾಯಿತು. ರುಚಿ ಮಾತ್ರ ಅದೇ. ಪಂಪು ಎಳೆಯುವ ಹೊತ್ತಿಗೂ ಇವರು ಹಾಜರು.

"ಆಯುಷ್ಯಪೂರ್ತಿ ಪಂಪ್ ಮಾರಿದೆ," ಎಂದರು. "ಮನ್ಯಾಗ ಗಿರಾಕಿ ಇರೋದು ಗೊತ್ತಿರಲಿಲ್ಲ."

ಬೆಳಿಗ್ಗೆ ಟೇಕಡಿ ಎನ್ನುವ ಹತ್ತಿರದ ಗುಡ್ಡ ಹತ್ತಲು ಶುರು ಮಾಡಿದೆವು. ಮೊದಲ ಮೊದಲು ಇಬ್ಬರೂ ಒಂದೊಂದು ಕಲ್ಲಿಗೆ ಕೂರುತ್ತಿದ್ದೆವು. ನಮ್ಮನ್ನು ದಾಟಿ ಹೋಗುತ್ತಿದ್ದ ಒಬ್ಬ ಮುದುಕರು ದಿನಾ "ಚಲಾ, ಚಲಾ" ಎಂದು ಕೋಲು ಎತ್ತಿ ಹುರಿದುಂಬಿಸುತ್ತಿದ್ದರು. ಇವರಿಗೆ ಅದು ಅವಮಾನವೆನಿಸಿ ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂರುತ್ತಿದ್ದರು. ಮೇಲೆ ನವಿಲು ಕೂಗಿದರೆ, "ಅದಕ್ಕ ಎಷ್ಟು ದಮ್ ಅದ ನೋಡು" ಎನ್ನುತ್ತಿದ್ದರು. ಮನೆಯ ಪರದೆಗಳನ್ನು ಒಗೆದೆ. ಒಗೆದ ನೀರು ಚಹದ ಬಣ್ಣಕ್ಕಿತ್ತು. ಅದನ್ನು ಚೆಲ್ಲುವ ಮೊದಲು ಇವರನ್ನು ಕರೆದು ತೋರಿಸಿದೆ.

ಆಷಾಢ ಬರುವ ಹೊತ್ತಿಗೆ ಒಡಪಿನಲ್ಲಿ ನಾನು ಬಾಳೆಗೊನೆ ದಾಟಿದ್ದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯುತ್ತಿದ್ದೆ. ಒಡಪಿನ ಕೊನೆಯ ಸಾಲಿನಲ್ಲಿ "ಕರಿಲಾಕ ಹೆಸರ ಬೇಕ" ಎಂದಿದೆ. ಬಾಗಿಲಲ್ಲಿ ನಿಂತ ಗಂಡನನ್ನು ಒಳಗೆ ಕರೆಯಲು ಹೆಸರು ಬೇಕು, ಆದ್ದರಿಂದ ಹೇಳುತ್ತೇನೆ ಎಂಬುದು ಅದರ ಅರ್ಥ. ನಾನು ಅಲ್ಲಿಯ ತನಕ ಬಂದು ಕಡೆಯ ಆ ಒಂದು ಹೆಸರಿಗೆ ಉಸಿರು ಸಾಲದೆ ನಿಲ್ಲುತ್ತಿದ್ದೆ.

ಆಗಲೇ ಇವರು ಬಾರಾಮತಿಗೆ ಹೋಗಿ ಬಂದರು. ಬಾಯಲ್ಲಿ ಲವಂಗ. ಲವಂಗ ಕಚ್ಚಿಕೊಂಡು ಬಂದ ಗಂಡನನ್ನು ಲವಂಗ ಕಚ್ಚದೆ ಬಂದವನಿಗಿಂತ ಬೇಗ ಹಿಡಿಯಬಹುದು. ಅಂಗಿಯನ್ನು ಒಗೆಯಲು ಹಾಕುವಾಗ ಮೂಗಿಗೆ ಖಾತ್ರಿಯಾಯಿತು. ನನಗೆ ಬಂದದ್ದು ಸಿಟ್ಟಲ್ಲ, ಸಿಟ್ಟಾದರೆ ಬೈಯಬಹುದಿತ್ತು. ನನ್ನ ಉಸಿರು ಇನ್ನೊಬ್ಬರ ಜೇಬಿನಲ್ಲಿದೆ ಅನಿಸಿತು. ಇವರು ಯಾವಾಗ ಬೇಕಾದರೂ ಕಡ್ಡಿ ಗೀರಬಹುದು, ನಾನು ಮತ್ತೆ ಬಾಳೆಗೊನೆಯ ಹತ್ತಿರ ಹೋಗಿ ನಿಲ್ಲಬೇಕು.

ಊಟಕ್ಕೆ ಕೂತಾಗ ಅತ್ತೆಯವರು, "ಎಲ್ಲೀ ತನಕ ಬಂತ ಒಡಪ? ಹೇಳು ನೋಡೂಣು" ಎಂದರು. ಸೌಟು ಕೈಯಲ್ಲೇ ಹಿಡಿದು ಶುರುಮಾಡಿದೆ. ಅಂಗಳ, ರಂಗೋಲಿ, ಕನ್ನಡಿ, ಬಾಳೆ ಎಲ್ಲ ದಾಟಿತು. "ಕರಿಲಾಕ ಹೆಸರ ಬೇಕ" ಎಂದೆ. ಇನ್ನೂ ಉಸಿರಿತ್ತು. ಅವತ್ತೇ ಮೊದಲು, ಎದೆಯಲ್ಲಿ ಒಂದು ಹೆಸರಿಗೆ ಸಾಕಾಗುವಷ್ಟು ಗಾಳಿ ಮಿಕ್ಕಿತ್ತು. ಅದನ್ನು ಹಾಗೇ ಹಿಡಿದು ಬಾಯಿ ಮುಚ್ಚಿಕೊಂಡೆ.

"ಹೇಳು," ಎಂದರು ಅತ್ತೆಯವರು. "ನಿಂದ್ರಬ್ಯಾಡ."

ಉಸಿರನ್ನು ನಿಧಾನವಾಗಿ ಬಿಟ್ಟು ಹೇಳಿದೆ. "ಬಾಗಿಲದಾಗ ಯಾರ್ ನಿಂತಾರ ತಿಳೀವಲ್ತ್ರಿ ಅತ್ತಿಯವರ. ವಾಸನಿ ಬ್ಯಾರೇದವ್ರದ ಬರಾಕತ್ತೇದ."

ಇವರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿಯುತ್ತಿದ್ದವರು ಮುರಿಯುತ್ತಲೇ ಇದ್ದರು, ಅದು ಪುಡಿಯಾಗುವ ತನಕ. ಅತ್ತೆಯವರು ನನ್ನನ್ನೂ ಮಗನನ್ನೂ ನೋಡಿದರು. ಕಿವಿ ಮಂದವಾದರೂ ಮೂಗು ನೆಟ್ಟಗಿದೆ ಅವರದು. ಎದ್ದು ಹೋಗಿ ಕಷಾಯದ ಪಾತ್ರೆಯನ್ನು ಒಲೆಯ ಮೇಲಿಟ್ಟರು. ಕುದಿಸಿದ್ದನ್ನು ಒಂದೇ ಲೋಟಕ್ಕೆ ಸುರಿದು, ಬೆಲ್ಲ ಹಾಕದೆ ಮಗನ ಮುಂದಿಟ್ಟರು. ಅವತ್ತು ಇವರು ಅರ್ಧ ಬಿಡಲಿಲ್ಲ.

ಬೆಳಿಗ್ಗೆ ಟೇಕಡಿಯಲ್ಲಿ ನಾನು ಮುಂದೆ, ಇವರು ಹಿಂದೆ. ತುದಿ ಮುಟ್ಟಿದ ಮೇಲೆ ಹೇಳಿದರು.

"ಒಂದು ಸೇದಿದೆ. ಕಾರ್ಖಾನಿಯವರು ಮುಂದ ಹಿಡದ್ರು."

"ನಾ ಕೇಳಲಿಲ್ಲಲಾ."

"ಕೇಳಲಿಲ್ಲ ಅಂತನ ಹೇಳಾಕತ್ತೀನಿ." ಕೆಳಗಿನ ಕಟ್ಟಡಗಳ ಕಡೆ ತಿರುಗಿ ಹೇಳಿದರು, "ನಿನ್ನಿ ಉಸಿರಿತ್ತು ನಿನಗ. ನಾ ನೋಡಿದೆ. ಹೆಸರ ಹೇಳಬಹುದಾಗಿತ್ತು."

"ಇತ್ತು."

"ಮಂಗಳಗೌರಿ ದಿನ ಹೇಳ್ತೀಯಿಲ್ಲ?"

"ನೋಡೂಣ್ರಿ. ಬಾಗಿಲಕ್ಕ ಯಾರ್ ಬಂದ್ ನಿಂದರ್ತಾರ, ಅದರ ಮ್ಯಾಲ."

ಅದರ ನಂತರ ಇವರು ಬಾರಾಮತಿಗೆ ಹೋಗುವಾಗ ಜೇಬಿನಲ್ಲಿ ಒಣಶುಂಠಿ ಚೂರು ಇಟ್ಟುಕೊಂಡು ಹೋಗತೊಡಗಿದರು. ಯಾರಾದರೂ ಸಿಗರೇಟು ಮುಂದೆ ಹಿಡಿದರೆ ಶುಂಠಿ ಬಾಯಿಗೆ ಹಾಕಿ, ಉಪವಾಸ ಎನ್ನುತ್ತಾರಂತೆ. ಯಾವ ದೇವರ ಉಪವಾಸ ಎಂದು ಒಬ್ಬ ಕೇಳಿದನಂತೆ. "ಮನೀ ದೇವರು" ಎಂದರಂತೆ. ಇದನ್ನು ನನಗೆ ಹೇಳುವಾಗ ಮುಖದಲ್ಲಿ ಬಹುಮಾನ ಬಂದ ಕಳೆ ಇತ್ತು.

ಮಂಗಳಗೌರಿಯ ದಿನ ಹಾಲ್ ತುಂಬ ಒಂಬತ್ತು ಗಜದ ನೌವಾರಿ ಸೀರೆ. ಪೂಜೆಯಾಯಿತು, ಆರತಿಯಾಯಿತು. ಹುಡುಗಿಯರು ಕೈ ಕೈ ಹಿಡಿದು ಗಿರಗಿರನೆ ಫುಗಡಿ ಆಡಿ ಸುಸ್ತಾಗಿ ಕೂತರು. ಗಂಡಸರನ್ನು ಹೊರಗೆ ಊಟದ ಕೆಲಸಕ್ಕೆ ಹಚ್ಚಿದ್ದರು. ಉಖಾಣೆ ಶುರುವಾದವು. ಪೂರ್ವಾ ಎರಡೇ ಸಾಲು ಹೇಳಿ, ಅವಧೂತನ ಹೆಸರನ್ನು ವೈಫೈಗೆ ಕಟ್ಟಿ, ಎಲ್ಲರನ್ನೂ ನಗಿಸಿ ಕೂತಳು. ಆಮೇಲೆ ಬೀಗತಿ ಚಿತ್ರಾತಾಯಿ ನನ್ನ ಕಡೆ ತಿರುಗಿದರು. ಅತ್ತೆಯವರು ಆಗಲೇ ಕನ್ನಡಕ ಒರೆಸಿ ಹಾಕಿಕೊಂಡು, ಪಕ್ಕದವರಿಗೆ ನಿಯಮ ವಿವರಿಸುತ್ತಿದ್ದರು.

ಎದ್ದು ನಿಂತೆ. ಎದುರಿಗೆ ಹಾಲಿನ ಬಾಗಿಲು ತೆರೆದೇ ಇತ್ತು. ಅಲ್ಲಿ ಇವರು ನಿಂತಿದ್ದರು, ಊಟಕ್ಕೆ ತಂದ ಬಾಳೆಎಲೆಯ ಕಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡು. ಕೆಳಗಿಡುವುದನ್ನೇ ಮರೆತಿದ್ದರು. ನಾನು ಉಸಿರು ಎಳೆದುಕೊಂಡದ್ದನ್ನು ನೋಡಿ ಇವರೂ ಗಲ್ಲ ಉಬ್ಬಿಸಿ ಎಳೆದುಕೊಂಡರು. ನನಗೆ ಜೊತೆ ಕೊಡಬೇಕೆಂದಿರಬೇಕು.

ಶುರುಮಾಡಿದೆ. ಅಂಗಳದಿಂದ ರಂಗೋಲಿ, ಕರಡಿಗೆಯಿಂದ ಕನ್ನಡಿ. ಬಾಳೆಗೊನೆ ಬಂತು, ಎದೆಯಲ್ಲಿ ಸೀಟಿ ಇರಲಿಲ್ಲ.

"ಭಾರಾ ಹೊತ್ತು ಬಂದವರು ಬಾಗಿಲದಾಗ ನಿಂತಾರ,
ನಿಂತವರ ಕಾಲಿಗೆ ನೀರ, ನೀರಿಗೆ ತಂಬಗಿ,
ತಂಬಗಿ ಹಿಡದ ಕೈಯಾಗ ಹಸರ ಬಳಿ,
ಬಳಿ ಅಂತಾವ ಒಳಗ ಕರಿ, ಕರಿಲಾಕ ಹೆಸರ ಬೇಕ…"

ಅಷ್ಟರಲ್ಲಿ ಬಾಗಿಲಲ್ಲಿ ಇವರ ಉಸಿರು ಮುಗಿಯಿತು. ತಡೆದು ತಡೆದು ಕೆಂಪಾಗಿದ್ದವರು ಕೆಮ್ಮತೊಡಗಿದರು. ಬಾಳೆಎಲೆಯ ಕಟ್ಟು ಹೆಗಲಿಂದ ಜಾರಿತು. ಹೆಂಗಸರೆಲ್ಲ ಹಿಂದೆ ತಿರುಗಿದರು, ಹುಡುಗಿಯರು ನಗತೊಡಗಿದರು. ಈ ಗದ್ದಲದಲ್ಲಿ ಹೇಳಿದರೆ ಹೆಸರು ಯಾರಿಗೂ ಕೇಳುವುದಿಲ್ಲ. ಉಸಿರು ತೆಗೆದುಕೊಂಡರೆ ಒಡಪು ಕೆಡುತ್ತದೆ. ಅತ್ತೆಯವರು ನನ್ನ ಎದೆಯ ಮೇಲೇ ಕಣ್ಣಿಟ್ಟಿದ್ದರು, ಅದು ಏರುತ್ತದೆಯೋ ಎಂದು.

ಉಸಿರು ಬಿಗಿಹಿಡಿದು ನಿಂತೆ. ಇವರು ಕೆಮ್ಮಿದರು, ನಿಲ್ಲಿಸಿದರು, ಮತ್ತೊಮ್ಮೆ ಸಣ್ಣಗೆ ಕೆಮ್ಮಿದರು. ಕೈಯಿಂದ ಬಾಯಿ ಮುಚ್ಚಿಕೊಂಡು, ಬೇಡಿಕೊಳ್ಳುವ ಕಣ್ಣಿನಿಂದ ನನ್ನನ್ನು ನೋಡಿದರು. ಹಾಲ್‌ನೊಳಗಿನ ನಗು ನಿಂತಿತು.

"ಹೆಸರ, ಮಾರ್ತಾಂಡರಾಯರು," ಎಂದೆ, ರಾಯರನ್ನು ಸ್ವಲ್ಪ ಎಳೆದೇ.

ಚಪ್ಪಾಳೆ ಬಿತ್ತು. ಚಿತ್ರಾತಾಯಿ ಅತ್ತೆಯವರ ಕೈ ಹಿಡಿದು ಏನು ತಿನ್ನಿಸುತ್ತೀರಿ ಸೊಸೆಗೆ ಎಂದು ಕೇಳಿದರು. ಅತ್ತೆಯವರು ಆಡುಸೋಗೆಯಿಂದ ಶುರುಮಾಡಿದರು. ಪೂರ್ವಾ ಮಾತ್ರ "ಅಜ್ಜಿ, ಪಂಪಿಂದೂ ಹೇಳು" ಎಂದಳು. ಅಜ್ಜಿಗೆ ಅದು ಕೇಳಿಸಲಿಲ್ಲ. ಡಾಕ್ಟರ ಮಾತು ನನಗೆ ನೆನಪಿತ್ತು, ಆದರೆ ಆ ದಿನ ಅತ್ತೆಯವರಿಂದ ಕಷಾಯದ ಗೌರವ ಕಸಿದುಕೊಳ್ಳುವ ಮನಸ್ಸಾಗಲಿಲ್ಲ.

ಇವರು ಎಲೆಗಳನ್ನು ಆರಿಸಿಕೊಳ್ಳುತ್ತಿದ್ದರು. ನಾನೂ ಹೋಗಿ ಪಕ್ಕದಲ್ಲಿ ಬಗ್ಗಿದೆ.

"ನಾ ಕೆಮ್ಮಿ ಮುಗಸೂತನಾ ಕಾಯ್ದೆಲ್ಲ," ಎಂದರು ಮೆಲ್ಲಗೆ. "ಅಷ್ಟು ಉಸಿರ ಎಲ್ಲಿಂದ ಬಂತು?"

"ನಿಮ್ಮ ಕೆಮ್ಮು ಮುಗ್ಯೂತನಾ ಕಾಯೂದು ನನಗ ಹೊಸಾದೇನ್ರಿ?"

ಇವರು ಒಂದು ಎಲೆಯನ್ನು ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ಕೇಳಿದರು, "ಹೆಸರ ಮುಟ್ಟಿತಲ್ಲ, ನಾನು ಮೊದಲನೇ ಪಂಕ್ತಿಗೆ ಕೂಡಬಹುದಿಲ್ಲ?"

"ಕೂಡ್ರಿ," ಎಂದೆ. "ಜಾಗಾ ಹಿಡೀರಿ, ನನಗೂ ಒಂದು. ಇವತ್ತ ನಾನೂ ಮೊದಲನೇ ಪಂಕ್ತಿಗೇ."